ಮೊಮ್ಮಗಳ ಮೊಣಕೈ ಬಗ್ಗಿದ ಪಂಚಮಿ

ನನ್ನ ಮೊಮ್ಮಗಳು ಬಲಗೈಯಿಂದ ಉಂಡಿ ತಿಂದಳು! ಮೊದಲು ಇದನ್ನು ಹೇಳಿಬಿಡುತ್ತೇನೆ. ನಾನು ನಾಲ್ಕಕ್ಷರ ಕಲಿತದ್ದೇ ತಡವಾಗಿ. ಹಿಂದುಮುಂದು ನೋಡಿ ಬರೆಯುತ್ತ ಕೂತರೆ ಈ ಸಂತೋಷ ಇಂದಿಗೂ ಅಷ್ಟು ಹೊತ್ತು ತಡೆಯುವುದಿಲ್ಲ.

ನಿಜಾಮರ ಕಾಲದ ಮಾತು. ಮಗಳನ್ನು ಸಿಂಧನೂರಿಗೆ ಕೊಟ್ಟಿದ್ದೆವು. ಅಳಿಯ ತಹಸೀಲ ಕಚೇರಿಯಲ್ಲಿ ಬರೆಯುವ ಕೆಲಸದಲ್ಲಿದ್ದ. ಅವರ ಎಂಟು ವರ್ಷದ ಮಗಳು ಮಾಳಿಗೆಯ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಲಿಂಗಸುಗೂರಿನಲ್ಲಿ ಎಲುಬು ಕಟ್ಟುವ ಮುದುಕನೊಬ್ಬ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಬಿಚ್ಚಿದ ದಿನ ಕೈ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತಂತೆ.

“ಎಲುಬು ಕೂಡೈತ್ರಿ, ಕೀಲು ಬಿಗದೈತಿ. ದಿನಾ ಎಣ್ಣಿ ಹಚ್ರಿ, ಜಬರದಸ್ತಿ ಮಾಡಬ್ಯಾಡ್ರಿ. ತಾನ ಬಗ್ಗಬೇಕು” ಅಂದನಂತೆ. ಬಗ್ಗದಿದ್ದರೆ? ಅದೇ ನನ್ನ ಚಿಂತೆ.

ಅಳಿಯನಿಗೆ ರಜಾ ಸಿಕ್ಕಿತ್ತು. ಲಿಂಗಸುಗೂರಿನಿಂದಲೇ ಬಂಡಿಯಲ್ಲಿ ಮೂವರೂ ಪಂಚಮಿಗೆ ಮಸ್ಕಿಗೆ, ನಮ್ಮ ಮನೆಗೆ ಬಂದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಬ್ಬದ ಉಂಡಿಗೆ ಎಳ್ಳು ಹುರಿಯುವುದನ್ನು ಅರ್ಧಕ್ಕೆ ಬಿಟ್ಟು ಹೋಗಿ ಆ ಕೈ ಹಿಡಿದು ನೋಡುತ್ತಿದ್ದೆ. ಇತ್ತ ಎಳ್ಳು ಸೀಯುತ್ತಿತ್ತು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಹುಡುಗಿ ಎಲ್ಲರ ಜೊತೆ ಊಟಕ್ಕೇ ಬರಳು. ಅಡುಗೆಮನೆ ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ ಕೂರುವಳು. ತುತ್ತು ಕೊಡಲು ಹೋದರೆ, “ನಾ ಏನ್ ಕೂಸೇನು, ಆಯಿ?” ಎಂದು ಬಾಯಿ ಬಿಗಿಹಿಡಿಯುವಳು.

ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದೆವು. ಮಗಳು ಹುಡುಗಿಯನ್ನು ಹತ್ತಿರ ಬಿಡಲಿಲ್ಲ.

“ಮತ್ತ ಬಿದ್ದು ಇನ್ನೊಂದು ಕೈನೂ ಮುರಕೊಂತಾಳ, ಯವ್ವಾ.”

“ನೀ ಸಣ್ಣಾಕಿದ್ದಾಗ ಗ್ವಾಡಿ ದಾಟೂವಂಗ ಜೀಕತಿದ್ದಿ, ಮರತೇನು?”

“ನಾ ಕೈ ಮುರಕೊಂಡಿದ್ದಿಲ್ಲಲ್ಲ!”

ಮಗಳು ನೀರಿಗೆ ಹೋದದ್ದೇ ತಡ, ಮೊಮ್ಮಗಳನ್ನು ಜೋಕಾಲಿಯಲ್ಲಿ ಕೂಡಿಸಿದೆ. ಮೆಲ್ಲಗೆ ತೂಗಿದೆ. ಹೆದರಿಕೆಗೋ ಖುಷಿಗೋ ಬಲಗೈ ತಾನಾಗಿ ಹಗ್ಗ ಹಿಡಿಯಿತು, ಕೂದಲೆಳೆಯಷ್ಟು ಬಗ್ಗಿತು. ನಾಲ್ಕು ದಿನ ಹೀಗೆ ಕದ್ದು ತೂಗಿದೆ. ಬಾಗಿಲ ಕಡೆ ಒಂದು ಕಣ್ಣು, ಮೊಣಕೈ ಕಡೆ ಒಂದು ಕಣ್ಣು.

ಐದನೆಯ ದಿನ ಜೋಕಾಲಿಯಲ್ಲಿ ಕೂತವಳ ಮುಂದೆ ಶೇಂಗಾದ ಉಂಡಿ ಹಿಡಿದೆ. ಅವಳ ಎಡಗೈ ಹಗ್ಗವನ್ನು ಗಟ್ಟಿಯಾಗಿ ಹಿಡಿದಿತ್ತು. ಬಲಗೈ ಬಂತು, ಉಂಡಿ ತೆಗೆದುಕೊಂಡಿತು, ಬಾಯಿ ಮುಟ್ಟಿತು!

“ಯವ್ವಾ, ಏನ್ ಹೇಳಿದ್ದೆ ನಿನಗ...” ಎನ್ನುತ್ತ ಬಂದ ಮಗಳು ಕೊಡ ಹೊತ್ತುಕೊಂಡೇ ನಿಂತಳು. “ಬಲಗೈಲೆ ತಿನ್ನಾಕತ್ಯಾಳ!”

“ಬೈಯೋದಿದ್ರ ಆಮ್ಯಾಲೆ ಬೈ. ಇನ್ನೊಂದು ಉಂಡಿ ತಾ.”

“ಬೆಲ್ಲ ಕಮ್ಮಿ ಆಗೇತಿ, ಆಯಿ” ಅಂದಳು ಮೊಮ್ಮಗಳು.

ಆ ಸಂಜೆ ಪಡಸಾಲೆಯಲ್ಲಿ ಎಲ್ಲರಿಗಿಂತ ಮೊದಲು ಅಪ್ಪನ ಪಕ್ಕ ಜಾಗ ಹಿಡಿದವಳು ಅವಳೇ. ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡಳು. ಕೈ ಬಾಯಿಗೆ ಮುಟ್ಟದಾದಾಗ ಕತ್ತು ಬಗ್ಗಿಸಿ ತುತ್ತು ಹಿಡಿದಳು. ನಾನು ಬಡಿಸಲು ಎದ್ದೆ, ಕೂತೆ, ಮತ್ತೆ ಎದ್ದೆ.

“ಒಂದ್ ಕಡಿ ಕುಂದ್ರಬೇ!” ಅಂದಳು ಮಗಳು.

ಅಳಿಯನೇ ನಗುತ್ತ ನನ್ನ ಮುಂದೆ ಊಟದ ಗಂಗಾಳ ಸರಿಸಿದ. ಅತ್ತೆಯಾಗಿ ಅವನೆದುರು ಎಂದೂ ಕೂತು ಉಂಡವಳಲ್ಲ ನಾನು. ಅಂದು ಎಲ್ಲರ ಜೊತೆ ಕೂತು ಉಂಡೆ.