ಸಪೂರ ಟಯರಿಗೆ ಪೂರಾ ಮಡ್‌ಗಾರ್ಡ್

ಎರಡು ಮಡ್‌ಗಾರ್ಡಿಗೆ ಸಾವಿರದ ನೂರು ರೂಪಾಯಿ, ಕ್ಲಾಂಪು ಬೋಲ್ಟುಗಳಿಗೆ ಇನ್ನೂರು, ಆಮೇಲೆ ಬದಲಿಸಬೇಕಾಗಿ ಬಂದ ಟಯರಿಗೆ ಬೇರೆ. ಜೊತೆಗೆ ಎಡಮೊಣಕಾಲಿನ ಚರ್ಮ. ಅದೊಂದರಲ್ಲಿ ಚೌಕಾಸಿಗೆ ಅವಕಾಶವಿರಲಿಲ್ಲ. ಸೈಕಲ್ಲಿನ ರಾಡಿ ತಡೆಯಲು ಇಷ್ಟೆಲ್ಲ ಸುರಿಯಬೇಕೇ ಎಂದು ಸಿಂದಗಿಯಲ್ಲಿ ಕುಳಿತು ಓದುವ ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ನಮ್ಮಲ್ಲಿ ಮಳೆ ಬಂದರೆ ಮೇಲಿನಿಂದ ಬರುತ್ತದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸೈಕಲ್ ತುಳಿದ ಮೊದಲ ಜೂನ್‌ನಲ್ಲಿ ಅದು ಕೆಳಗಿನಿಂದ ಬಂತು. ಮುಂದಿನ ಗಾಲಿ ಎರಚಿದ್ದು ಬಾಯಿಗೆ, ಹಿಂದಿನ ಗಾಲಿ ಎರಚಿದ್ದು ಬೆನ್ನಿಗೆ, ಪಕ್ಕದ ಲಾರಿ ಎರಚಿದ್ದು ಎಲ್ಲಕ್ಕೂ. ರೇನ್‌ಕೋಟಿನೊಳಗೆ ಕೆಂಪು ಮರಳು ಸೇರಿಕೊಂಡಿದ್ದನ್ನು ಅಂದು ನಾನು ಮೊದಲ ಸಲ ಕಂಡೆ.

ಸೈಕಲ್ ಯಾಕೆ ಎಂದು ಕೇಳುತ್ತೀರಿ. ನನ್ನ ಕೆಲಸ ಕಿಟಕಿಗಳಿಗೆ ಸೊಳ್ಳೆ ಜಾಲರಿ ಕೂರಿಸುವುದು. ಸಿಂದಗಿಯಲ್ಲಿ ಧೂಳಿಗೆ ಹೆದರಿ ಜಾಲರಿ ಹಾಕಿಸುತ್ತಿದ್ದರು, ಇಲ್ಲಿ ಸೊಳ್ಳೆಗೆ ಹೆದರಿ ಹಾಕಿಸುತ್ತಾರೆ. ಹೆದರಿಕೆ ಯಾವುದಾದರೇನು, ವ್ಯಾಪಾರ ವ್ಯಾಪಾರವೇ. ಗಿರಾಕಿಗಳು ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ. ಬಾಡಿಗೆ ಕಡಿಮೆಯೆಂದು ನಾನು ಹಿಡಿದ ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಅಳತೆ ತೆಗೆಯಲು ಎಲ್ಲರೂ ಆಫೀಸಿಗೆ ಹೊರಡುವ ಮೊದಲೇ ಬಾ ಎನ್ನುತ್ತಾರೆ. ಬಸ್ಸು ನಿಲ್ದಾಣದವರೆಗೆ ಬಿಡುತ್ತದೆ, ಅಲ್ಲಿಂದ ಬಡಾವಣೆಗೆ ಆಟೊ ಹಿಡಿದರೆ ಲಾಭ ಆಟೊದವನದು. ಹೀಗಿರುವಾಗ ಒಬ್ಬ ಗಿರಾಕಿಯ ಮನೆಯಲ್ಲಿ ಮಗ ಬಿಟ್ಟುಹೋದ ರೋಡ್ ಬೈಕ್ ಗೋಡೆಗೆ ಒರಗಿದ್ದು ಕಂಡಿತು. ಬಗ್ಗಿದ ಹ್ಯಾಂಡಲ್ಲಿನ, ಹಗುರವಾದ ರೇಸಿನ ಸೈಕಲ್ಲು. ಮೂರು ಕಿಟಕಿಯ ಕೂಲಿ ಬಿಟ್ಟುಕೊಟ್ಟು ಅದನ್ನು ತಂದೆ. ಟಯರು ಬಳೆಯಂತೆ ತೆಳ್ಳಗೆ. ಇಲ್ಲಿ ಅದಕ್ಕೆ ‘ಸಪೂರ’ ಎನ್ನುತ್ತಾರೆ; ಸಣ್ಣಗೆ ಉದ್ದಕ್ಕಿರುವ ಯಾವುದಕ್ಕಾದರೂ ಆ ಮಾತೇ, ಹುಡುಗಿಯಾದರೂ ಸರಿ, ಪಡವಲಕಾಯಿಯಾದರೂ ಸರಿ.

ಆ ಹೊತ್ತಿಗೆ ಅದೇ ರಸ್ತೆಯಲ್ಲಿ ಇನ್ನಿಬ್ಬರು ಹೋಗುತ್ತಿದ್ದರು. ಮುಂದೆ ಪಾಲಾಕ್ಷಪ್ಪನವರು, ಕಾರ್ಖಾನೆಯಿಂದ ನಿವೃತ್ತರಾದವರು, ಸಕ್ಕರೆ ಕಾಯಿಲೆಗಾಗಿ ತುಳಿಯುವವರು. ಹಿಂದೆ ಸೆಲ್ವಿ, ನಮ್ಮ ಬೀದಿಯ ತಮಿಳು ಮನೆಯ ಹೆಣ್ಣುಮಗಳು, ಶಿವಮೊಗ್ಗದ ಔಷಧಿ ಅಂಗಡಿಯಲ್ಲಿ ಕೆಲಸ. ನಮ್ಮೂರಲ್ಲಿ ಸೈಕಲ್ ಜೊತೆ ಎಂದರೆ ಅಕ್ಕಪಕ್ಕ, ಮಾತಾಡುತ್ತ. ಇವರದು ಒಬ್ಬರ ಹಿಂದೆ ಒಬ್ಬರು, ಬಿಳಿ ಗೆರೆಯ ಎಡಕ್ಕೆ, ಮಾತಿಲ್ಲ. ಸಾಲಾಗಿ ಹೋದರೆ ಲಾರಿಯವನಿಗೆ ದೂರದಿಂದ ಕಾಣುತ್ತೇವೆ, ಒಬ್ಬರೇ ಹೋದರೆ ಕಾಣುವುದಿಲ್ಲ. ಅಷ್ಟೇ ಲೆಕ್ಕ.

ನನ್ನನ್ನು ಸೇರಿಸಿಕೊಂಡರು, ಆದರೆ ಒಂದು ಕಟ್ಟಳೆಯ ಮೇಲೆ. ಮಳೆಗಾಲದಲ್ಲಿ ಪೂರಾ ಮಡ್‌ಗಾರ್ಡ್ ಇಲ್ಲದವರು ಕೊನೆಯಲ್ಲಿ ಹೋಗಬೇಕು. ಸೀಟಿಗೆ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ಒಂದನ್ನು ತೋರಿಸಿದ್ದೆ. ಪಾಲಾಕ್ಷಪ್ಪನವರು ನೋಡಿ, ಇದು ನಿನ್ನ ಬೆನ್ನಿಗೆ ಆಯಿತು, ಹಿಂದಿರುವವಳ ಕಣ್ಣಿಗೆ ಏನಿದೆ ಎಂದು ಕೇಳಿದರು. ನನಗೆ ಹೊಳೆದಿರಲಿಲ್ಲ. ನಮ್ಮ ಕಡೆ ಮಡ್‌ಗಾರ್ಡ್ ಎಂದರೆ ಧೋತರ ಹಾಳಾಗದಿರಲಿ ಎಂದು. ಇಲ್ಲಿ ಅದು ಹಿಂದೆ ಬರುವವರ ಸಲುವಾಗಿ.

ಹೀಗೆ ಕೊನೆಯವಳಾದೆ. ಕೊನೆ ಎಂಬುದು ಕೆಟ್ಟ ಜಾಗ. ಲಾರಿಯ ಹಾರ್ನು ಮೊದಲು ಬೀಳುವುದು ನಿಮ್ಮ ಬೆನ್ನಿಗೆ. ಮಾಚೇನಹಳ್ಳಿ ದಾಟಿದ ಮೇಲೆ ಒಂದು ಬೆಳಿಗ್ಗೆ ನೀರು ತುಂಬಿದ ಗುಂಡಿಗೆ ಗಾಲಿ ಇಳಿದು ಬಿದ್ದೆ. ಮೊಣಕಾಲಿನ ಕಥೆ ಅದೇ. ಬಿದ್ದಿದ್ದಕ್ಕಿಂತ ಹೆಚ್ಚು ಹೆದರಿಸಿದ್ದು ಆಮೇಲಿನದು: ಅವರಿಬ್ಬರ ಕೆಂಪು ದೀಪಗಳು ಮಳೆಯಲ್ಲಿ ಹಾಗೇ ದೂರವಾದವು. ಅವರಿಗೆ ಗೊತ್ತೇ ಆಗಿರಲಿಲ್ಲ. ಸಾಲಿನ ನಡುವೆ ಜಾಗ ಸಿಗಬೇಕು, ಇಲ್ಲವೆಂದರೆ ಸೈಕಲ್ ಬಿಡಬೇಕು, ಸೈಕಲ್ ಬಿಟ್ಟರೆ ಬೆಳಗಿನ ಗಿರಾಕಿಗಳನ್ನು ಬಿಡಬೇಕು. ಜುಲೈ ಮುಂದೆ ನಿಂತಿತ್ತು.

ಗಾಂಧಿ ಬಜಾರಿನ ಸೈಕಲ್ ಅಂಗಡಿಯವರು ನನ್ನ ಗಾಡಿ ನೋಡಿ ತಲೆಯಾಡಿಸಿದರು. ರೇಸಿನ ಸೈಕಲ್ಲಿಗೆ ಮಡ್‌ಗಾರ್ಡ್ ಹಿಡಿದಿಡುವ ಕಬ್ಬಿಣದ ಕಡ್ಡಿ ಕೂರಿಸಲು ತೂತೇ ಇಟ್ಟಿರುವುದಿಲ್ಲ, ಬ್ರೇಕಿನ ಕೆಳಗೆ ಜಾಗವೂ ಇಲ್ಲ. ಉದ್ದನೆಯ ಸಪೂರ ಮಡ್‌ಗಾರ್ಡಿನ ಒಂದು ಜೋಡಿ ಮಾತ್ರ ಮೂಲೆಯಲ್ಲಿತ್ತು, ಡಬ್ಬಿ ಹರಿದಿತ್ತು. “ಸಾವಿರದ ಆರ್ನೂರು, ಆಖ್ರಿ,” ಎಂದರು. ಹರಿದ ಡಬ್ಬಿಯ ಮಾಲು ಮುಂದಿನ ಮಳೆಗಾಲಕ್ಕೂ ಇಲ್ಲೇ ಇರುತ್ತದೆ, ನಾನು ಒಯ್ದರೆ ಮೂಲೆಯಾದರೂ ಖಾಲಿಯಾಗುತ್ತದೆ ಎಂದೆ. ಚಹಾ ಬಂತು. ಸಾವಿರದ ನೂರಕ್ಕೆ ಬಂದರು. ಕಲಿಯಿರಿ: ಇಲ್ಲಿಯ ಬಜಾರಿನಲ್ಲಿ ಚಹಾ ಬರುವ ಮೊದಲು ಹೇಳುವುದು ಬೆಲೆಯಲ್ಲ.

ಮನೆಯ ಮುಂದೆ ನಾನೇ ಕೂರಿಸಿದೆ. ತೂತಿಲ್ಲದಲ್ಲಿ ಒಳಗೆ ರಬ್ಬರ್ ಇರುವ ಪೈಪಿನ ಕ್ಲಾಂಪು ಹಾಕಿ ಕಡ್ಡಿ ಬಿಗಿದೆ. ಹಿಂದಿನ ತುದಿಗೆ ಹಳೆಯ ಟ್ಯೂಬಿನ ಚೂರನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಬಿಟ್ಟೆ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಾಗದ ಹೋಗುವಷ್ಟೇ ಸಂದು. ನನ್ನ ಕೈಗೆ ಗೊತ್ತಿದ್ದ ಒಳ್ಳೆಯ ಕೆಲಸ ಅದು. ಧೂಳಿನ ಊರಲ್ಲಿ ಸಂದು ಬಿಟ್ಟ ಜಾಲರಿಗೆ ಯಾರು ದುಡ್ಡು ಕೊಡುತ್ತಾರೆ? ಪಾಲಾಕ್ಷಪ್ಪನವರು ಬಂದು ಹಿಂದಿನ ಟ್ಯೂಬು ಎಳೆದು ನೋಡಿ, ನಾಳೆಯಿಂದ ನಡುವೆ ಬಾ ಎಂದರು. ಆ ರಾತ್ರಿ ತಂಗಿಗೆ ಫೋನ್ ಮಾಡಿ, ಮನೆ ಸಿಕ್ಕಾಗಲೂ ತೋರಿಸದಷ್ಟು ಹಿಗ್ಗು ತೋರಿಸಿದೆ.

ಬೆಳಿಗ್ಗೆ ಪಿರಿಪಿರಿ ಮಳೆ. ಮುಂದೆ ಅವರು, ನಡುವೆ ನಾನು, ಹಿಂದೆ ಸೆಲ್ವಿ. ರಸ್ತೆ ಅಗೆದು ಕೆಂಪು ಮಣ್ಣು ಸುರಿದಿದ್ದ ಕಡೆ ಡಾಂಬರಿನ ಮೇಲೆಲ್ಲ ಕೆಸರು ಹರಡಿತ್ತು. ನಮ್ಮ ಕರಿ ನೆಲದ ರಾಡಿ ಚಪ್ಪಲಿಗೆ ಅಂಟಿ ಭಾರವಾಗುತ್ತದೆ, ಗೊತ್ತಲ್ಲ. ಇಲ್ಲಿಯದು ನೀರಿನ ಹಾಗೆ ಕಾಣುತ್ತದೆ, ಒಳಗೆ ಮರಳು, ಸಣ್ಣ ಕಲ್ಲು. ಮುಂದಿನ ಗಾಲಿಯಿಂದ ಕಾಳು ಬೀಸುವ ಸದ್ದು ಶುರುವಾಯಿತು. ಸಣ್ಣಗೆ, ಆಮೇಲೆ ಜೋರಾಗಿ. ತುಳಿದಷ್ಟೂ ಸೈಕಲ್ ಭಾರ. ಹಿಂದೆ ಲಾರಿಯ ಹಾರ್ನು ಕೇಳಿತು. ನಿಲ್ಲಲೇ ಎಂದರೆ ಸೆಲ್ವಿ ಒಂದು ಮಾರಿನಷ್ಟು ಹಿಂದೆ ಬರುತ್ತಿದ್ದಾಳೆ, ಬಲಕ್ಕೆ ಸರಿಯಲೇ ಎಂದರೆ ಲಾರಿ. ಕೈ ಎತ್ತಿ ತೋರಿಸೋಣವೆಂದರೆ ಹ್ಯಾಂಡಲ್ ಬಿಡುವ ಧೈರ್ಯವಿಲ್ಲ. “ಸೆಲ್ವಿ, ಗಾಲಿ ಹಿಡೀಲಿಕತ್ತದ, ಎಡಕ್ಕ ಹೋಗು,” ಎಂದು ಕೂಗಿದೆ. ಅಷ್ಟರಲ್ಲಿ ಗಾಲಿ ನಿಂತೇಬಿಟ್ಟಿತು. ಸೈಕಲ್ಲಿನ ಹಿಂಭಾಗ ಎದ್ದಿತು. ಒಂದು ಕಾಲು ನೆಲಕ್ಕೆ ಕೊಟ್ಟು ಹೇಗೋ ನಿಂತೆ. ಸೆಲ್ವಿ ನನ್ನ ಮೊಣಕೈ ಸವರಿಕೊಂಡು ಎಡಕ್ಕೆ ಇಳಿದು, ರಸ್ತೆಯಂಚಿನ ಹುಲ್ಲಿನಲ್ಲಿ ಸೈಕಲ್ ಸಮೇತ ಕುಳಿತುಬಿಟ್ಟಳು. ಲಾರಿ ನಮ್ಮ ಮೇಲೆ ಒಂದು ಕೊಡ ನೀರು ಹಾಕಿ ಹೋಯಿತು.

ಯಾರಿಗೂ ಏನೂ ಆಗಲಿಲ್ಲ.

“ಅಕ್ಕಾ, ನನ್ನ ಕಣ್ಣಿಗೆ ನೀರು ಬೀಳ್ಬಾರ್ದು ಅಂತ ಹಾಕಿದ್ರಲ್ಲ,” ಎಂದಳು ಸೆಲ್ವಿ, ಹುಲ್ಲಿನಲ್ಲೇ ಕುಳಿತು. “ಕಣ್ಣೇ ಮುಚ್ಚಿಸ್ತಿದ್ರಿ.”

ಪಾಲಾಕ್ಷಪ್ಪನವರು ತಿರುಗಿ ಬಂದರು. ಮಡ್‌ಗಾರ್ಡಿನ ಸಂದಿಗೆ ಬೆರಳು ತೂರಿಸಲು ನೋಡಿದರು, ಹೋಗಲಿಲ್ಲ. ಇದು ಸರಿಯಾಗುವವರೆಗೆ ನೀನು ಹಿಂದಕ್ಕೆ ಹೋಗು ಎಂದರು. ನನ್ನ ನಾಲಗೆಗೆ ಕಡಿವಾಣ ಇರಲಿಲ್ಲ.

“ಹೊರಗಿನಾಕಿ ಅಂತ ಹಿಂದ ಹಾಕ್ತೀರೇನ್ರಿ?” ಎಂದುಬಿಟ್ಟೆ.

“ಹೊರಗಿನೋಳಾಗಿದ್ರೆ ಈ ಮಳೇಲಿ ನಿಂತು ಕಾಯ್ತಿರ್ಲಿಲ್ಲ ಮಾರಾಯ್ತಿ,” ಎಂದರು ಅವರು. “ಮೊದ್ಲು ಕೆಸರು ತೆಗಿ.”

ತೆಗೆದೆ. ಸ್ಕ್ರೂಡ್ರೈವರಿನಲ್ಲಿ ಕೆರೆದಾಗ ಇಟ್ಟಿಗೆಯಂಥ ಗಟ್ಟಿ ಮಣ್ಣು ಬಂತು. ಮುಂದಿನ ಮಡ್‌ಗಾರ್ಡ್ ಪೂರ್ತಿ ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡೆ. ಕೊನೆಯ ಜಾಗಕ್ಕೆ ಸೈಕಲ್ ತಿರುಗಿಸುವಾಗ ಸೆಲ್ವಿ ಎದ್ದು ಬಂದು, ಹಿಂದೆ ಬರುವವರಿಗೆ ನೀರು ಎರಚುವುದು ಹಿಂದಿನ ಗಾಲಿ, ಅದರ ಮಡ್‌ಗಾರ್ಡ್ ಚೆನ್ನಾಗಿದೆಯಲ್ಲ ಎಂದು ಪಾಲಾಕ್ಷಪ್ಪನವರಿಗೆ ಹೇಳಿದಳು. ಅವರು ಅವಳ ಮುಖ ನೋಡಿದರು. ಹೀಗೆ ಗಕ್ಕನೆ ನಿಂತವಳ ಹಿಂದೆಯೇ ಮತ್ತೆ ಬರುತ್ತೀಯಾ ಎಂದು ಕೇಳಿದರು. “ಈಗ ಇನ್ನೂ ನಾಲ್ಕು ಅಡಿ ದೂರ ಬರ್ತೀನಿ ಬಿಡಿ ಅಂಕಲ್,” ಎಂದು ಅವಳು ಕೊನೆಗೆ ಹೋಗಿ ನಿಂತಳು. ನಾನು ಬಾಯಿ ತುಂಬ ಕೆಂಪು ನೀರು ಕುಡಿಯುತ್ತ, ನಡುವೆಯೇ ಶಿವಮೊಗ್ಗ ಸೇರಿದೆ.

ಆ ಭಾನುವಾರ ಎಲ್ಲ ಬಿಚ್ಚಿದೆ. ಬ್ರೇಕಿನ ಕೆಳಗೆ ಮಡ್‌ಗಾರ್ಡ್ ತೂರಿಸುವ ಹಟ ಬಿಟ್ಟು, ಅಲ್ಲೇ ಎರಡು ತುಂಡು ಮಾಡಿ, ಬ್ರೇಕಿನ ಆಚೆ ಒಂದು, ಈಚೆ ಒಂದು ಕೂರಿಸಿದೆ. ಟಯರನ್ನೂ ಇನ್ನೊಂದು ಅಳತೆ ಸಪೂರದ್ದು ಹಾಕಿದೆ. ಸುತ್ತಲೂ ಬೆರಳು ಆಡುವಷ್ಟು ಸಂದು. ನೋಡಲು ಸಡಿಲ, ನನ್ನ ಕಸುಬಿನ ಕಣ್ಣಿಗೆ ಇಂದಿಗೂ ಚುಚ್ಚುತ್ತದೆ. ಆದರೆ ಗಿರಾಕಿಗಳ ಮನೆಯಲ್ಲೂ ಮರದ ಚೌಕಟ್ಟು ಮಳೆಗೆ ಉಬ್ಬಿ ನಾನು ಕೂರಿಸಿದ ಬಿಗಿ ಜಾಲರಿಗಳು ತೆರೆಯದೆ ಸಿಕ್ಕಿಕೊಂಡ ಮೇಲೆ, ಈ ಕಡೆಯ ಕೆಲಸಕ್ಕೆ ಸಂದು ಬಿಡುವುದನ್ನು ಕಲಿತಿದ್ದೇನೆ. ಜುಲೈ ದಾಟಿತು. ಆಗಸ್ಟ್ ದಾಟಿತು. ನಡುವಿನ ಜಾಗ ನನ್ನದೇ ಆಗಿ ಉಳಿಯಿತು.

ಸಂಕ್ರಾಂತಿಗೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ಬಂದಿದ್ದೆ. ತಮ್ಮನ ಜೊತೆ ಹೊಲಕ್ಕೆ ಹೊರಟಾಗ ರಸ್ತೆ ಖಾಲಿ, ಬಿಸಿಲು, ಮಡ್‌ಗಾರ್ಡಿನ ಗಡಗಡ ಸದ್ದೊಂದೇ. ತಮ್ಮ ತಿರುಗಿ ನೋಡಿ, “ಯಾಕಕ್ಕ, ಹಿಂದ ಬಿದ್ದಿ? ದಣಿದಿ ಏನ?” ಎಂದ. ನಾನು ದಣಿದಿರಲಿಲ್ಲ. ಗೊತ್ತಿಲ್ಲದೆ ಅವನ ಗಾಲಿಯ ಹಿಂದೆ ಸಾಲು ಹಿಡಿದಿದ್ದೆ. ಮುಂದೆ ಬಂದು ಅವನ ಪಕ್ಕಕ್ಕೆ ಸೇರಿ ಮಾತಾಡುತ್ತ ಹೋದೆ, ಆದರೆ ಹೊಲ ಬರುವವರೆಗೂ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ತಿರುಗಿ ನೋಡುತ್ತಿದ್ದೆ. ಭದ್ರಾವತಿಗೆ ಮರಳಿದ ಮೇಲೆ ಪಾಲಾಕ್ಷಪ್ಪನವರ ಪಕ್ಕಕ್ಕೆ ಹೋಗಿ ಮಾತಿಗಿಳಿದು ಬೈಸಿಕೊಂಡೆ.

ಈ ಕಡೆಗೆ ಬರುವವರಿಗೆ ನನ್ನ ಮಾತು ಇಷ್ಟು. ರೋಡ್ ಬೈಕಿಗೆ ಮಡ್‌ಗಾರ್ಡನ್ನು ಬೇಸಿಗೆಯಲ್ಲೇ ಕೊಳ್ಳಿ. ಮಳೆ ಬಿದ್ದ ದಿನ ಅಂಗಡಿಯವರು ಚಹಾ ಕೊಡುವುದಿಲ್ಲ. ಗಾಲಿ ಕೈಯಿಂದ ತಿರುಗಿಸಿ, ಸುತ್ತಲೂ ಬೆರಳು ಆಡುತ್ತದೆಯೇ ನೋಡಿ. ಮುಂದಿನ ಮಡ್‌ಗಾರ್ಡಿನ ಕಡ್ಡಿಯನ್ನು, ಜೋರಾಗಿ ಎಳೆದರೆ ಬಿಟ್ಟುಕೊಳ್ಳುವ ಕ್ಲಿಪ್ಪಿಗೇ ಸಿಕ್ಕಿಸಿ; ಕಲ್ಲೋ ಪುರಲೆಯೋ ಸಿಕ್ಕರೆ ಮಡ್‌ಗಾರ್ಡ್ ಬಿಚ್ಚಲಿ, ಗಾಲಿ ನಿಲ್ಲದಿರಲಿ. ಹ್ಯಾಂಡಲ್ ತಿರುಗಿಸಿದಾಗ ಕಾಲಿನ ಹೆಬ್ಬೆರಳು ತಾಗುತ್ತದೆಯೇ ಎಂದೂ ನೋಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಚೆನ್ನಾಗಾಯಿತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ, ಅಂಗಡಿಯವರನ್ನೂ ಕೇಳಬೇಡಿ. ಒದ್ದೆ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ನಿಮ್ಮ ಹಿಂದೆ ಬಂದವರನ್ನು ಕೇಳಿ.