ನನ್ನ ಲೇಖನಕ್ಕೆ ನನಗೇ ಪ್ರವೇಶವಿಲ್ಲ

ನಾನು ಬರೆದ ಲೇಖನವನ್ನು ಓದಲು ನನಗೆ ಅನುಮತಿ ಇಲ್ಲವೆಂದು ಕಂಪ್ಯೂಟರ್ ತಿಳಿಸಿದಾಗ ಸಿಟ್ಟು ಬರಲಿಲ್ಲ, ಸ್ವಲ್ಪ ಹೆಮ್ಮೆಯೇ ಆಯಿತು. ಅಷ್ಟೊಂದು ಕಾವಲು ಬೇಕಾದ ಘನವಸ್ತುವನ್ನು ಬರೆದಿದ್ದೇನೆಂದು ನನಗೇ ಗೊತ್ತಿರಲಿಲ್ಲ. ‘ನಿಮ್ಮ ಸಂಸ್ಥೆಯ ಮೂಲಕ ಲಾಗಿನ್ ಆಗಿ’ ಎಂದಿತು. ಕಾನೂನು ಪಾಠ ಹೇಳಿ ರಿಟೈರ್ ಆದವಳಿಗೆ ಈಗ ಉಳಿದಿರುವ ಸಂಸ್ಥೆ ಚಿದ್ರಿಯ ಮನೆಯ ಅಡುಗೆಮನೆ. ಅದರ ಹೆಸರು ಅವರ ಪಟ್ಟಿಯಲ್ಲಿ ಇರಲಿಲ್ಲ.

ಲೇಖನ ಬೇಕಾಗಿದ್ದದ್ದು ಪಕ್ಕದ ಮನೆಯ ಪ್ರಯಾಗಬಾಯಿಗೆ. ಆಕೆ ಭಾಲ್ಕಿಯಲ್ಲಿ ಟೀಚರ್. ಔರಾದಿನ ಹೊಲದಲ್ಲಿ ಪಾಲು ಕೇಳಿ ಅಣ್ಣನ ಮೇಲೆ ದಾವೆ ಹೂಡಿದ್ದಾಳೆ. ಹಿಂದೊಮ್ಮೆ ಪಂಚಮಿಗೆ ತವರಿಗೆ ಹೋದಾಗ ಅಣ್ಣ ಸೀರೆ ಉಡಿಸಿ, ಹೋಳಿಗೆ ಬಡಿಸಿ, ‘ಪಾಲು ಬಿಟ್ಟೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ರಿಜಿಸ್ಟರ್ ಆಗದ ಇಂಥ ಕಾಗದದಿಂದ ಹೆಣ್ಣುಮಕ್ಕಳ ಹಕ್ಕು ಹೋಗುವುದಿಲ್ಲ ಎಂಬುದೇ ನನ್ನ ಲೇಖನದ ಒಟ್ಟು ಸಾರ. ಅದನ್ನು ಎಂಥ ಸೊಗಸಾದ ಕಾನ್ವೆಂಟ್ ಇಂಗ್ಲಿಷಿನಲ್ಲಿ ಬರೆದಿದ್ದೆನೆಂದರೆ, ಯಾವ ತಂಗಿಗೂ ಅರ್ಥವಾಗುವ ಅಪಾಯವಿರಲಿಲ್ಲ.

“ಬಾಯಾರ, ಬರದವರು ನೀವ. ನಿಮಗ ಯಾಕ ಕೊಡವಲ್ರು?”

“ಹಕ್ಕು ಅವರಿಗೆ ಬರಕೊಟ್ಟೀನಿ ಪ್ರಯಾಗಾ. ದಸ್ಕತ್ ಮಾಡೀನಿ.”

“ನಿಮಗೂ ಸೀರಿ ಉಡಿಸಿದ್ರೇನ್ರಿ?”

ಸೀರೆಯೂ ಇಲ್ಲ. ಜರ್ನಲಿನವರು ಕಳಿಸಿದ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕಿ, ಹೆಸರು ಅಚ್ಚಾದದ್ದನ್ನು ಕಣ್ಣುಬಿಟ್ಟು ನೋಡುವುದು ನಮ್ಮ ಪ್ರೊಫೆಸರ್ ಕುಲದ ಪದ್ಧತಿ. ಕರಾರು ಕಾಯ್ದೆಯನ್ನು ಕಲಿಸಿದ ನಾನು ನನ್ನ ಕರಾರನ್ನು ಆವತ್ತು ಮೊದಲ ಸಲ ಓದಿದೆ. ಅಚ್ಚಾದ ಪುಟ ಅವರದಂತೆ. ನಾನು ಕಳಿಸಿದ ಹಸ್ತಪ್ರತಿಯನ್ನು ಮಾತ್ರ ಊರಿಗೆಲ್ಲ ಹಂಚಬಹುದಂತೆ. ಹಂಚಿಯೇ ಬಿಟ್ಟೆ, ಇಂಟರ್‌ನೆಟ್ಟಿನಲ್ಲಿ, ಯಾರು ಬೇಕಾದರೂ ತೆರೆದು ಓದುವಂತೆ. ಮೇಲೊಂದು ಕನ್ನಡದ ಸಾರಾಂಶವನ್ನೂ ಬರೆದೆ. ಅದು ಕಷ್ಟವಾಯಿತು, ಇಂಗ್ಲಿಷಿನಲ್ಲಿ ಅಡಗಿಕೊಳ್ಳಲು ಇದ್ದ ಸಂದುಗೊಂದುಗಳು ಇಲ್ಲಿರಲಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬರು ಗಾಬರಿಯಿಂದ ಫೋನ್ ಮಾಡಿದರು. “ಮ್ಯಾಡಂ, ಹಿಂಗ ಬಯಲಿಗೆ ಇಟ್ರ ಯಾರರ ಕದೀತಾರ್ರಿ.” ಪಾಪ. ಕದಿಯಬೇಕೆಂದರೆ ಮೊದಲು ಓದಬೇಕಲ್ಲ. ಅಷ್ಟು ಶ್ರಮಜೀವಿ ಕಳ್ಳರನ್ನು ನಮ್ಮ ಸೆಮಿನಾರುಗಳಲ್ಲಿ ನಾನು ಕಂಡಿಲ್ಲ.

ಕೋರ್ಟಿನ ಮುಂದಿನ ತಾರೀಖು ಮುಗಿಸಿ ಬಂದ ಪ್ರಯಾಗಬಾಯಿ ಚಪ್ಪಲಿಯನ್ನೂ ಕಳಚದೆ ಬಾಗಿಲಲ್ಲಿ ನಿಂತಳು. “ಅಣ್ಣನ ವಕೀಲರ ಕೈಯಾಗೂ ನಿಮ್ಮ ಲೇಖನ ಅದರಿ. ನೀವು ಯಾರ ಕಡಿ ಇದ್ದೀರಿ?”

ಎಲ್ಲರಿಗೂ ಎಂದರೆ ಎದುರು ಪಕ್ಷಕ್ಕೂ ಎಂಬ ಸಣ್ಣ ಸಂಗತಿ ಈ ಪಂಡಿತೆಗೆ ಹೊಳೆದಿರಲಿಲ್ಲ. ಅದರಲ್ಲಿ ನಾನೇ ಎತ್ತಿ ನಾನೇ ಉತ್ತರಿಸಿದ ಆಕ್ಷೇಪಣೆಗಳೂ ಇದ್ದವು. ಅವನ್ನಷ್ಟೇ ಎತ್ತಿಕೊಂಡು ವಾದಿಸಿದರೆ ಆಕೆಯ ಹೊಲದ ಗತಿ? ಆ ವಾರ ನನಗೆ ಚಹಾ ಕೂಡ ರುಚಿಸಲಿಲ್ಲ.

ಮತ್ತೆ ಔರಾದಿಗೆ ಹೋಗಿಬಂದವಳು ಈ ಸಲ ಒಳಗೆ ಬಂದು ಕೂತಳು. “ಅವರ ವಕೀಲರು ಅಣ್ಣಗ ಹೇಳಿದ್ರಂತ್ರಿ, ಆ ಸಹಿ ಕಾಗದ ಕೋರ್ಟಿನಾಗ ನಿಲ್ಲಂಗಿಲ್ಲ, ತಂಗಿ ಪಾಲು ಕೊಟ್ಟು ಮುಗಸು ಅಂತ. ಅಣ್ಣ ರಾಜಿಗೆ ಹೂಂ ಅಂದಾನ.”

“ಅಷ್ಟು ಲಗೂನ ಹ್ಯಾಂಗ?”

“ನಿಮ್ಮದು ಪೂರಾ ಓದ್ಯಾರಂತ್ರಿ.”

ನನ್ನನ್ನು ಕೊನೆಯ ಅಡಿಟಿಪ್ಪಣಿಯವರೆಗೆ ಓದಿದ ಮನುಷ್ಯ ಈ ವಯಸ್ಸಿನಲ್ಲಾದರೂ ಒಬ್ಬ ಸಿಕ್ಕಿದನಲ್ಲ. ಅವನು ಎದುರು ಪಕ್ಷದವನೆಂದು ಈಗ ಹೇಗೆ ಬೇಸರಪಡಲಿ?