ಅತ್ತೆಯ ಪಾಲಿನ ಮಾವಿನ ಮರ

ಎರಡು ವರ್ಷಗಳ ಹಿಂದೆ, ಮಳೆಗಾಲ ಶುರುವಾಗುವ ಮೊದಲು, ಪುತ್ತೂರಿನಲ್ಲಿ ನಮ್ಮ ಮನೆಯೆದುರು ರಸ್ತೆಬದಿಯಲ್ಲಿ ತಾನಾಗಿ ಬೆಳೆದಿದ್ದ ಕಾಟು ಮಾವಿನ ಮರವನ್ನು ಕಡಿದರು. ತಪ್ಪು ಅನ್ನುವಂತಿಲ್ಲ. ಬುಡ ಟೊಳ್ಳಾಗಿತ್ತು, ಗೆದ್ದಲು ಹತ್ತಿತ್ತು, ಹಿಂದಿನ ವಾರವಷ್ಟೇ ಒಂದು ಗೆಲ್ಲು ರಿಕ್ಷಾದ ಮೇಲೆ ಬಿದ್ದಿತ್ತು.

ನಾನು ಸೊಸೆಯಾಗಿ ಬಂದಾಗ ಅದು ಇಡೀ ಬೀದಿಗೆ ಮಿಡಿ ಕೊಡುತ್ತಿದ್ದ ಮರ. ಉಪ್ಪಿನಕಾಯಿ ಹಾಕುವ ದಿನ ನಮ್ಮ ಜಗಲಿ ತುಂಬ ಹೆಂಗಸರು, ಸೊನೆಯ ಘಮ, ಹರಟೆ. ಯಜಮಾನಿಕೆ ನಮ್ಮ ಅತ್ತೆಯದು. ನಮ್ಮಲ್ಲಿ ಚಿತೆಗೆ ಮಾವಿನ ಸೌದೆಯೇ ಆಗಬೇಕು. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾ ಅತ್ತೆ ಪ್ರತಿ ವರ್ಷ ಹೇಳುತ್ತಿದ್ದರು, "ನನ್ನನ್ನು ಸುಡ್ಲಿಕ್ಕೆ ಈ ಮರವೇ ಆಗ್ಬೇಕು. ಇದರ ಉಪ್ಪಿನಕಾಯಿ ಉಂಡ ದೇಹ ಇದು." ನಾವು ನಗುತ್ತಿದ್ದೆವು.

ಕಡಿಯುವ ದಿನ ಅತ್ತೆ ಗೇಟು ಹಿಡಿದು ನಿಂತಿದ್ದರು. ಮೊದಲ ಗೆಲ್ಲು ಬಿದ್ದಾಗ, "ನನಗಿಂತ ಮೊದಲು ಹೊರಟಿತಲ್ಲ ಮಾರಾಯ್ತಿ" ಎಂದು ಕಣ್ಣೀರು ಹಾಕಿದರು. ನೋಡಲಾಗದೆ ನಾನು ಮರ ಕಡಿಯುವವರ ಮೇಸ್ತ್ರಿಯ ಬಳಿ ಹೋಗಿ, ಅತ್ತೆಯ ಆಸೆ ತಿಳಿಸಿ, ನಾಲ್ಕು ತುಂಡು ಬೇಡಿದೆ.

ಅವನು ತಲೆ ಕೆರೆದುಕೊಂಡ. "ಕೊಡುವ ಅಕ್ಕ. ಯಾವಾಗಕ್ಕೆ ಬೇಕಾದೀತು?"

ಅತ್ತೆಯೇ ಗೇಟಿನಿಂದ ಕೂಗಿದರು, "ಅದು ನನ್ನ ಕೈಯಲ್ಲಿ ಉಂಟಾ? ಈಗಲೇ ಇಟ್ಟು ಹೋಗು!"

ಬೀದಿಯೇ ನಕ್ಕಿತು. ಸಂಜೆ ಅವನು ನಾಲ್ಕಲ್ಲ, ಒಂದು ರಾಶಿ ಗಟ್ಟಿ ತುಂಡುಗಳನ್ನು ಆರಿಸಿ ನಮ್ಮ ಹಿತ್ತಿಲಿನ ಹಂಚಿನ ಮಾಡಿನಡಿ ಒಟ್ಟಿದ. "ಅಜ್ಜಿ, ಇದೆಲ್ಲ ಗೆದ್ದಲು ತಿಂದು ಮುಗಿಸುವವರೆಗೆ ನೀವು ಇರ್ಬೇಕು" ಎಂದು ಹೇಳಿ ಹೋದ.

ಆದರೆ ಆ ರಾಶಿಯನ್ನು ನೋಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಹೊದೆಸಿಟ್ಟೆ. ಅತ್ತೆ ಮಾತ್ರ ದಿನವೂ ಹೋಗಿ ಮುಟ್ಟಿ ಬರುತ್ತಿದ್ದರು. ಅವರ ಮಾತು ಕಡಿಮೆಯಾಗಿತ್ತು, ಊಟವೂ. ಮರದ ಹಿಂದೆಯೇ ಇವರೂ ಹೊರಟುಬಿಡುತ್ತಾರೇನೋ ಎಂಬ ಭಯ ನನಗೆ.

ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ, ಬೇರೆ ಸೌದೆಯೆಲ್ಲ ಒದ್ದೆಯಾಗಿ ಬಚ್ಚಲೊಲೆ ಹತ್ತಲೇ ಇಲ್ಲ. ಊದಿ ಊದಿ ಸಾಕಾಗಿ ತಿರುಗಿದರೆ ಅತ್ತೆ ಚಳಿಗೆ ನಡುಗುತ್ತಾ ನಿಂತಿದ್ದರು.

"ಆ ಮಾವಿನದ್ದು ತಾ."

"ಅತ್ತೆ, ಅದು..."

"ಸತ್ತ ಮೇಲೆ ಬಿಸಿ ಎಂತಕ್ಕೆ? ಈಗ ಹಂಡೆ ಕಾಯ್ಲಿ."

ಆ ದಿನ ಅವರು ಮನಸಾರೆ ಮಿಂದರು. ಕೆಂಪು ಮುಖ ಹೊತ್ತು ಹೊರಬಂದು, ಗಂಜಿಗೆ ಆ ಮರದ ಕೊನೆಯ ಭರಣಿಯ ಮಿಡಿ ಕೇಳಿ, ಎರಡನೇ ಸಲ ಬಡಿಸಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ರಾಶಿಯೂ ಮುಗಿಯುತ್ತಾ ಬಂತು. "ಒಂದು ತುಂಡು ಇರ್ಲಿ, ಶಾಸ್ತ್ರಕ್ಕೆ" ಎಂದರು ಅತ್ತೆ.

ಈಗ ಬಿಸಿಲು ನೇರ ಜಗಲಿಗೆ ಬೀಳುತ್ತದೆ. ಮಿಡಿ ಪೇಟೆಯಿಂದ ತರುತ್ತೇವೆ, ಆ ಘಮ ಇಲ್ಲ. ಮರ ನೆನಪಾದರೆ ಇಂದಿಗೂ ಸಂಕಟವಾಗುತ್ತದೆ. ಅತ್ತೆ ಚೆನ್ನಾಗಿದ್ದಾರೆ. ಆ ತುಂಡು ಮಾಡಿನಡಿಯೇ ಇದೆ. ಗುಡಿಸುವಾಗಲೆಲ್ಲ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತೇನೆ.